ಕಾತ್ರಜದಲ್ಲಿ ತೊಟ್ಟಿಲೇರಿದ ಸ್ಪಂಜು

ಇಂದ:
ಅವಧೂತ, ಸಂಶೋಧಕ, ಸ್ಪಂಜು ವಿಭಾಗ. ವಯಸ್ಸು ನಲವತ್ತು ದಾಟಿದೆ, ಅವಿವಾಹಿತ.

ಗೆ:
ಡಾ. ಹರಿಶ್ಚಂದ್ರ ಅವರು, ಮುಖ್ಯಸ್ಥರು, ಸಮುದ್ರಜೀವಿ ಪ್ರಯೋಗಾಲಯ, ಪುಣೆ.

ವಿಷಯ: ಹೊಸ ಸ್ಪಂಜಿಗೆ ತಮ್ಮ ಹೆಸರಿಡಲು ಆಗದಿರುವ ಬಗ್ಗೆ.

ಉಲ್ಲೇಖ: ಕ್ಯಾಂಟೀನಿನಲ್ಲಿ ಮಿಸಳ್ ತಿನ್ನುತ್ತ ತಾವು ನೀಡಿದ ಮೌಖಿಕ ಸೂಚನೆ.

ಮಾನ್ಯರೇ,

1. ಮಾಲವಣದ ಬಳಿ ಕಡಲೊಳಗಿನ ಬಂಡೆಗಳ ಮೇಲೆ ನನಗೆ ಸಿಕ್ಕ ಕಿತ್ತಳೆ ಬಣ್ಣದ ಸ್ಪಂಜು ಹೊಸ ಪ್ರಭೇದವೆಂದು ಖಚಿತವಾದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ಕಾರಣ ಇಲ್ಲೇ ಪುಣೆಯ ಕಾತ್ರಜದಲ್ಲಿರುವ ನನ್ನ ಅಕ್ಕ ಇಂದೂ ಅವರಿಗೆ ಫೋನು ಮಾಡಿ, "ಅಕ್ಕಾ, ಇನ್ನ ಹೆಸರಿಡೋದೊಂದು ಬಾಕಿ ಅದ" ಎಂದುಬಿಟ್ಟೆ. ಬುದ್ಧಿ ಇದ್ದವರು ಆಡುವ ಮಾತಲ್ಲ.

2. ನಮ್ಮ ಧಾರವಾಡದ ಕಡೆ ತಮ್ಮನ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯಾದ ಅಕ್ಕನದು. ನನಗೆ ಮದುವೆಯೇ ಆಗದ ಕಾರಣ ಸದರಿ ಹಕ್ಕು ಚಲಾವಣೆಯಾಗದೆ ಉಳಿದಿತ್ತು; ಅಕ್ಕ ಅದನ್ನು ಈ ಸ್ಪಂಜಿನ ಮೇಲೆಯೇ ಚಲಾಯಿಸುವುದಾಗಿ ಘೋಷಿಸಿದರು. ಇದು ಬಂಡೆಗೆ ಅಂಟಿಕೊಂಡು, ಅಲುಗಾಡದೆ, ದಿನವಿಡೀ ನೀರು ಸೋಸುವ ಪ್ರಾಣಿ ಎಂದು ವಿವರಿಸಿದೆ. "ನೀನೂ ಸಣ್ಣಾಂವಿದ್ದಾಗ ಹಂಗ ಇದ್ದೆಲ್ಲೋ" ಎಂದು ಅಕ್ಕ ನನ್ನ ಆಕ್ಷೇಪಣೆಯನ್ನು ತಳ್ಳಿಹಾಕಿದರು.

3. ಗಂಡೋ ಹೆಣ್ಣೋ ಎಂದು ವಿಚಾರಿಸಲಾಗಿ, ಎರಡೂ ಹೌದೆಂದು ವರದಿ ಸಲ್ಲಿಸಿದೆ. ಭಾಳ ಛಲೋ ಆತು ಎಂದರು.

4. ಆದ್ದರಿಂದ ಭಾನುವಾರ ಅಕ್ಕನ ಮನೆಯಲ್ಲಿ ಸ್ಪಂಜಿನ ತುಣುಕಿದ್ದ ಬಾಟಲಿಯನ್ನು ತೊಟ್ಟಿಲಿಗೆ ಹಾಕಲಾಯಿತು. ಮೇಲಿನ ಮನೆಯ ಮರಾಠಿ ಹೆಂಗಸರು ಪಾಳಣಾ ಎಂಬ ತಮ್ಮ ಜೋಗುಳ ಹಾಡಿ ತೂಗಿದರು. ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ತಾಂತ್ರಿಕ ತೊಡಕು ಎದುರಾಯಿತು: ಸ್ಪಂಜಿಗೆ ಕಿವಿಯಿಲ್ಲ, ಮೈತುಂಬ ತೂತು. ಅಕ್ಕ ಇದ್ದುದರಲ್ಲಿ ದೊಡ್ಡ ತೂತೊಂದನ್ನು ಆರಿಸಿ, ಕುರ್ರ್ ಎಂದು, "ಪೂರ್ವಾ" ಎಂದರು. ಪದ್ಧತಿಯಂತೆ ಎಲ್ಲರೂ ಅವರ ಬೆನ್ನಿಗೆ ಗುದ್ದಿದೆವು. ಬಿದ್ದು ಬಿದ್ದು ನಕ್ಕ ಅಕ್ಕ ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಮಗಳಿಗಂತ ಭಾಳ ವರ್ಷದಿಂದ ಇಟ್ಕೊಂಡಿದ್ದ ಹೆಸರಿದು" ಎಂದರು. ನಾನು ಎದ್ದು ತೊಟ್ಟಿಲನ್ನು ಇನ್ನೊಂದು ಸಲ ತೂಗಿದೆ. ಇದನ್ನು ಕಡತದಲ್ಲಿ ನಮೂದಿಸುವ ಅಗತ್ಯವಿಲ್ಲ.

5. ಪೂರ್ವಾ ಎಂಬುದು ಪ್ರಭೇದದ ಲ್ಯಾಟಿನ್ ಹೆಸರಿಗೆ ಸಲೀಸಾಗಿ ಹೊಂದುತ್ತದೆ. ತಮ್ಮ ಹೆಸರು ಬಾಟಲಿಯ ಚೀಟಿಯಲ್ಲಿ ಹಿಡಿಸುವುದೂ ಇಲ್ಲ.

ಕಾರಣ, ಅಕ್ಕ ಇಟ್ಟ ಹೆಸರನ್ನೇ ಪ್ರಬಂಧದಲ್ಲಿ ಕಾಯಂಗೊಳಿಸಬೇಕೆಂದು ಕೋರುತ್ತೇನೆ.

ಈ ಕ್ಷಣದವರೆಗೂ ತಮ್ಮ ವಿಶ್ವಾಸಿ,
ಅವಧೂತ

ಲಗತ್ತುಗಳು: ತೊಟ್ಟಿಲಿನ ಫೋಟೊ, ಹೆಸರಿಟ್ಟ ದಿನದ ಗುಗ್ಗರಿ, ಒಂದು ಡಬ್ಬಿ. ಡಬ್ಬಿ ವಾಪಸು ಬೇಕು.

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ ಕಾರಣವನ್ನು ಅಕ್ಕನಿಗೆ ತಾವೇ ಖುದ್ದಾಗಿ ತಿಳಿಸಬೇಕಾಗಿ ವಿನಂತಿ. ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವರು ಕುಳಿತಿದ್ದಾರೆ. ಬುತ್ತಿ ಕಟ್ಟಿಕೊಂಡೇ ಬಂದಿದ್ದಾರೆ.