ಇಬ್ಬರು ಬೀಗರು, ಒಂದು ಮುರಿದ ಕಾಲು

ಬೋಜ್-ತೋರ್ ಜಿಲ್ಲಾಸ್ಪತ್ರೆಯಲ್ಲಿ ಇಂದಿನವರೆಗೆ ಯಾವ ಬೀಗರಿಗೂ ಅವಮಾನವಾಗಿಲ್ಲ. ಮುಖ್ಯ ವೈದ್ಯ ಬೈಮುರಾತರಿಗೆ ಬೀಗರು ಇಬ್ಬರು. ಮಗನ ಮಾವ ತಾಷ್ತಾನ್ ಆಸ್ಪತ್ರೆಗೆ ಉಕ್ಕು ಮಾರುತ್ತಾನೆ, ಮಗಳ ಮಾವ ಕೆರಿಮ್‌ಕುಲ್ ಟೈಟಾನಿಯಂ. ಔತಣದಲ್ಲಿ ಕುರಿಯ ಎಲುಬನ್ನೂ ಅಂತಸ್ತು ನೋಡಿ ಹಂಚುವ ಊರಿದು. ಅದರಂತೆಯೇ, ಮುರಿದ ಮೂಳೆ ಜೋಡಿಸುವ ಪಟ್ಟಿ ಉಕ್ಕಿನದು, ಅದನ್ನು ಬಿಗಿಯುವ ಸ್ಕ್ರೂ ಟೈಟಾನಿಯಂನದು ಎಂದು ನಿಯಮವಾಯಿತು.

ಕುದುರೆ ವ್ಯಾಪಾರಿ ಎಸೆನ್‌ಗೆಲ್ಡಿಯ ಎಡಗಾಲನ್ನು ಅವನದೇ ಕುದುರೆ ಒದ್ದು ಮುರಿದದ್ದು ಈ ನಿಯಮ ಬಂದ ಮೇಲೆ. ಪಟ್ಟಿ ಹಾಕಿಸಿಕೊಂಡ. ಬೇಸಿಗೆಯ ಹೊತ್ತಿಗೆ ಕಾಲು ಬಾತುಕೊಂಡಿತು. ಕೊಯ್ದು ನೋಡಿದರೆ ಒಳಗಿನ ಮಾಂಸ ಚಹಾ ಕಾಯಿಸುವ ಪಾತ್ರೆಯ ತಳದಂತೆ ಕರ್ರಗಾಗಿತ್ತು. ಕುದುರೆ ಹತ್ತಲಾಗದವನ ಹತ್ತಿರ ಯಾರೂ ಕುದುರೆ ಕೊಳ್ಳುವುದಿಲ್ಲ.

"ಏನಾಗಿದೆ ಡಾಕ್ಟ್ರೇ?"

"ಎರಡು ಲೋಹ ಮೈನೀರಲ್ಲಿ ತಾಗ್ಕೊಂಡಿದ್ರೆ ಸವೆದು ಪುಡಿಯಾಗುತ್ತಪ್ಪ. ಪುಡಿ ಮಾಂಸಕ್ಕಿಳಿಯುತ್ತೆ. ಕಾಲೇಜಲ್ಲೇ ಓದಿದ್ದೆ."

"ಮತ್ತ್ಯಾಕೆ ಹಾಕಿದ್ರಿ?"

"ಓದೋವಾಗ ನಂಗೆ ಬೀಗರಿರ್ಲಿಲ್ಲ."

"ಎಲ್ಲಾ ಟೈಟಾನಿಯಂದೇ ಹಾಕ್ಬಿಡಿ."

"ನನ್ನ ಸೊಸೆ ತವರಿಗೆ ಹೋಗ್ತಾಳೆ."

"ಹಂಗಾದ್ರೆ ಉಕ್ಕಿಂದೇ."

"ನನ್ನ ಮಗಳು ತವರಿಗೆ ಬರ್ತಾಳೆ."

ವಾರದೊಳಗೆ ಆಸ್ಪತ್ರೆಯ ಸಮಿತಿ ಪ್ರಕಟಣೆ ಹೊರಡಿಸಿತು: ‘ಇನ್ನು ಮುಂದೆ ಒಂದು ಕಾಲಿಗೆ ಒಂದೇ ಲೋಹ. ರೋಗಿಗೆ ಕಾಲುಗಳು ಎರಡಿರುವುದರಿಂದ ಎಡಗಾಲನ್ನು ಉಕ್ಕಿಗೂ ಬಲಗಾಲನ್ನು ಟೈಟಾನಿಯಂಗೂ ಮೀಸಲಿಡಲಾಗಿದೆ. ಮುರಿಯದ ಮೂಳೆಗೆ ಪಟ್ಟಿ ಹಾಕುವುದು ನಿಯಮಬಾಹಿರವಾದ್ದರಿಂದ ಮೊದಲು ಮುರಿಯತಕ್ಕದ್ದು.’

"ನನ್ನ ಬಲಗಾಲು ಗಟ್ಟಿಮುಟ್ಟಾಗಿದೆ ಡಾಕ್ಟ್ರೇ."

"ಅದಕ್ಕೇ ಸಮಿತಿ ಕೂರಬೇಕಾಯ್ತು."

"ಒಪ್ಕೊಳ್ರೀ," ಎಂದಳು ಹೆಂಡತಿ ಬುರುಲ್. "ಹೆಂಗಿದ್ರೂ ಮಲಗೇ ಇದೀರಿ."

ಎಸೆನ್‌ಗೆಲ್ಡಿ ಲೆಕ್ಕ ಹಾಕಿದ. ಈಗಿರುವುದು ಕೊಳೆಯುತ್ತಿರುವ ಒಂದು ಕಾಲು, ಒಂಟಿಯಾಗಿ ಕೆಲಸಕ್ಕೆ ಬಾರದ ಇನ್ನೊಂದು. ವಸಂತದ ಸಂತೆಗೆ ಎರಡೂ ಕಾಲು ಸರಿಹೋದರೆ ಲಾಭವೇ. ಒಪ್ಪಿದ.

ತಡವಾದದ್ದು ಮುರಿಯುವ ಮರ್ಯಾದೆ ಯಾರಿಗೆ ಎಂಬಲ್ಲಿ. ಇಬ್ಬರು ಬೀಗರೂ ಸುತ್ತಿಗೆ ಹಿಡಿದು ಬಂದು, "ನೀವು ಹಿರಿಯರು, ನೀವೇ ಮೊದಲು," "ಛೆ ಛೆ, ನೀವಿರುವಾಗ ನಾನಾ?" ಎಂದು ಬಾಗಿಲಲ್ಲೇ ನಿಂತರು. ಚಹಾ ಬಂತು, ರೊಟ್ಟಿ ಬಂತು, ಸಂಜೆಯಾಯಿತು.

ಕೊನೆಗೆ ಹಾಸಿಗೆಯಿಂದ ಎಸೆನ್‌ಗೆಲ್ಡಿಯೇ ಹೇಳಿದ: "ನನ್ನ ಕುದುರೇನೇ ಕರೆಸಿ. ಅದಕ್ಕೆ ಬೀಗರಿಲ್ಲ."

ಎಲ್ಲರೂ ತಲೆದೂಗಿದರು. ಕುದುರೆಯ ಹುಲ್ಲಿನ ಖರ್ಚು ಆಸ್ಪತ್ರೆಯದು ಎಂದು ಒಪ್ಪಿಸಿಕೊಂಡ ಮೇಲೆಯೇ ಅವನು ಬಲಗಾಲು ಚಾಚಿದ್ದು.