ರೋಮಿಂಗ್ ಅಳಿಯ

ಹೋಟೆಲಿನ ಹಿಂಬಾಗಿಲಲ್ಲಿ ಹಾಜರಿ ಹಾಕುವಾಗ ಅವನ ಜೇಬಿನ ಫೋನು ಕುಂಯ್ ಎಂದಿತು. ಮೆಸೇಜು ಹೇಳಿದ್ದು ಇಷ್ಟೇ: ನಿಮ್ಮ ಪ್ರೀಪೇಯ್ಡ್ ಸಿಮ್ಮಿನ ಅವಧಿ ಇಂದು ಮುಗಿಯುತ್ತದೆ.

ಬೇರೆಯವರಿಗಾದರೆ ಅದು ಒಂದು ಸಿಮ್ಮು ಸಾಯುವ ಸುದ್ದಿ. ಅವನಿಗೆ ಒಂದು ದೇಶವೇ ಮುಳುಗುವ ಸುದ್ದಿ. ಯಾಕೆಂದರೆ ಅವನು ಪರದೇಶದಲ್ಲಿ ಇದ್ದದ್ದು ಆ ಸಿಮ್ಮಿನಲ್ಲಿ ಮಾತ್ರ. ದೇಹ ಇದ್ದದ್ದು ಇಲ್ಲೇ, ಹೆಂಡತಿ, ಮಗಳು, ಅತ್ತೆ, ಮಾವ ಇರುವ ಊರಿನಲ್ಲೇ, ಊರಿನ ಇನ್ನೊಂದು ತುದಿಯ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಯಾರೋ ಮಲಗೆದ್ದ ಚಾದರಗಳ ನಡುವೆ.

ಹೋದದ್ದು ಸುಳ್ಳಲ್ಲ. ಹಿಂದಿನ ವರ್ಷ ಸಮುದ್ರದಾಚೆಯ ಬಂದರು ನಗರದಲ್ಲಿ ಕೆಲಸ ಸಿಕ್ಕಿತೆಂದು ಹೊರಟಾಗ ಇಡೀ ಬೀದಿ ಕಳಿಸಲು ಬಂದಿತ್ತು. ಮಾವನವರು ಚಕ್ರದ ಸೂಟ್‌ಕೇಸ್ ಕೊಡಿಸಿ, ಎಲ್ಲರಿಗೂ ಕೇಳಲಿ ಎಂದು ತಾವೇ ಅದನ್ನು ಬೀದಿಯುದ್ದಕ್ಕೂ ಗಡಗಡ ಎಳೆದಿದ್ದರು. ಅವನು ಅಲ್ಲಿ ಇಳಿದು, ವಿಮಾನ ನಿಲ್ದಾಣದಲ್ಲೇ ಸಿಮ್ಮು ಕೊಂಡು, ವಿಳಾಸ ಹುಡುಕಿಕೊಂಡು ಹೋದರೆ ಕಂಪನಿಯ ಬಾಗಿಲಿಗೆ ಬೀಗ. ಬೀಗದ ಮೇಲೆ ಆಗಲೇ ಜೇಡ ಮನೆ ಕಟ್ಟಿತ್ತು. ಅದಕ್ಕಾದರೂ ಅಲ್ಲಿ ಕೆಲಸ ಸಿಕ್ಕಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಅವನು ವಾಪಸಾದ. ಆದರೆ ಬೀದಿಯ ತಿರುವಿನವರೆಗೆ ಬಂದವನಿಗೆ ಸೂಟ್‌ಕೇಸಿನ ಚಕ್ರದ ಸದ್ದು ನೆನಪಾಯಿತು. ಅದನ್ನು ಕಂಕುಳಲ್ಲಿ ಎತ್ತಿಕೊಂಡು, ಸದ್ದಾಗದ ಹಾಗೆ ತಿರುಗಿ ನಡೆದುಬಿಟ್ಟ.

ಅಂದಿನಿಂದ ಆ ಸಿಮ್ಮು ರೋಮಿಂಗಿನಲ್ಲಿತ್ತು. ಮನೆಗೆ ಫೋನು ಮಾಡಿದರೆ ಹೊರದೇಶದ ನಂಬರೇ ಕಾಣಿಸುತ್ತಿತ್ತು. ಅಲ್ಲಿನ ಕೋಣೆಯಲ್ಲಿ ಕೆಲವು ದಿನ ಜೊತೆಗಿದ್ದವನೊಬ್ಬನಿಗೆ, "ಆಗಾಗ ರೀಚಾರ್ಜ್ ಮಾಡಿಸ್ತಿರಪ್ಪ" ಎಂದು ಹೇಳಿ ಬಂದಿದ್ದ. ಪುಣ್ಯಾತ್ಮ ಒಮ್ಮೆಯೂ ತಪ್ಪಿಸಿರಲಿಲ್ಲ. ಇಂದು ಅವನೂ ಕೈಬಿಟ್ಟ ಹಾಗಿತ್ತು.

"ಒಳ್ಳೇದೇ ಆಯ್ತು ಬಿಡು ತಮ್ಮ," ಎಂದಳು ಚಾದರದಕ್ಕ, ನೆಲಮಾಳಿಗೆಗಿಳಿದು ಅವನು ಮೆಸೇಜು ತೋರಿಸಿದಾಗ. ಚಾದರ ಮಡಿಸಿ ಮಡಿಸಿ ಯಾರ ಬದುಕನ್ನಾದರೂ ನಾಲ್ಕು ಮಡಿಕೆ ಮಾಡಿ ಕಪಾಟಿಗಿಡುವ ಹೆಂಗಸು. "ಇವತ್ತೇ ಎಲ್ಲಾ ಹೇಳ್ಬಿಡು. ಸಾಯಂಕಾಲ ಮನೆಗೆ ಹೋಗ್ಬಿಡು."

"ಹೇಳೋದಾದ್ರೆ ಎದುರಿಗೆ ಹೋಗಿ ಹೇಳ್ಬೇಕು," ಎಂದ ಇಸ್ತ್ರಿಯಜ್ಜ, ಅಂಗಿಯ ಕಾಲರಿನಿಂದ ತಲೆ ಎತ್ತದೆ.

"ಎದುರಿಗೆ ಹೋದ್ರೆ ಬಾಯಿ ಬರಲ್ಲ ಅಜ್ಜ," ಎಂದ ಅವನು. "ಮೊದ್ಲು ಫೋನಲ್ಲಿ ಹೇಳಿ, ಅವಳು ಅಳೋದೆಲ್ಲ ಅತ್ತು, ಬೈಯೋದೆಲ್ಲ ಬೈದ ಮೇಲೆ ಹೋಗ್ತೀನಿ."

"ಮಳೆ ನಿಂತ ಮೇಲೆ ಕೊಡೆ ಬಿಚ್ಚೋ ಗಂಡಸು ನೀನು," ಎಂದ ಅಜ್ಜ.

ಅವನಿಗೆ ರೋಷ ಬರಲಿಲ್ಲ. ಮನಸ್ಸು ಆಗಲೇ ಮನೆ ಸೇರಿತ್ತು. ಮಗಳಿಗೆ ಈಗ ಮಾತು ಬಂದಿದೆ. ಆದರೆ ಅವಳ ಲೆಕ್ಕದಲ್ಲಿ ಅಪ್ಪ ಎಂದರೆ ಫೋನು. ರಾತ್ರಿ ಫೋನನ್ನು ಗೋಡೆಯ ಚಾರ್ಜರಿಗೆ ಸಿಕ್ಕಿಸಿ, "ಅಪ್ಪಂಗೆ ಊಟ ಹಾಕ್ದೆ" ಎನ್ನುತ್ತಾಳಂತೆ. ಹೆಂಡತಿ ಅದನ್ನು ನಗುತ್ತಾ ಹೇಳಿದ ದಿನ ಅವನು ಚಾದರದ ರಾಶಿಯೊಳಗೆ ಮುಖವಿಟ್ಟು ಬಹಳ ಹೊತ್ತು ಕೂತಿದ್ದ. ಇಂದು ರಾತ್ರಿ ಅವಳಿಗೆ ಅಪ್ಪನಿಗೆ ಕೈಕಾಲುಗಳಿವೆ ಎಂದು ತೋರಿಸಬೇಕು. ಅಷ್ಟೇ ಅವನ ಆಸೆ.

ಆ ನೆಲಮಾಳಿಗೆಯಲ್ಲಿ ಊರಿನ ಸಿಮ್ಮುಗಳಿಗೆಲ್ಲ ಉಸಿರೇ ಇರಲಿಲ್ಲ. ಅವನ ಸಿಮ್ಮು ಮಾತ್ರ ಯಾವ ಕಂಪನಿಯ ಟವರು ಸಿಕ್ಕರೂ ಅತಿಥಿಯ ಹಾಗೆ ಒಳಗೆ ಹೋಗಿ ಕೂರುತ್ತಿತ್ತು. ತನ್ನೂರಿನಲ್ಲಿ ತನಗಿಲ್ಲದ ಮರ್ಯಾದೆ ತನ್ನ ಸಿಮ್ಮಿಗಿದೆಯಲ್ಲ ಎಂದು ಅವನು ಅದನ್ನು ಕಂಡು ಹೊಟ್ಟೆಕಿಚ್ಚು ಪಡುವುದೂ ಇತ್ತು. ಆದರೂ ಅದಕ್ಕೆ ಸಿಗ್ನಲ್ಲು ಸಿಗುತ್ತಿದ್ದದ್ದು ಒಂದೇ ಕಡೆ. ಮೇಲಿನ ಮಹಡಿಗಳಿಂದ ಕೊಳೆ ಬಟ್ಟೆ ಎಸೆಯುವ ತಗಡಿನ ಕೊಳವೆಯ ಬಾಯಲ್ಲಿ. ತಾರಸಿಯವರೆಗೆ ತೆರೆದಿದ್ದ ಆ ಕೊಳವೆಯೊಳಗೆ ತಲೆ ತೂರಿಸಿ ನಿಂತರೆ, ಗಾಳಿಯ ಜೊತೆ ಒಂದಿಷ್ಟು ಸಿಗ್ನಲ್ಲೂ ಇಳಿದು ಬರುತ್ತಿತ್ತು. ಒಮ್ಮೊಮ್ಮೆ ಟವೆಲ್ಲೂ ಬರುತ್ತಿತ್ತು.

ಹನ್ನೊಂದರ ಹೊತ್ತಿಗೆ ಧೈರ್ಯ ಮಾಡಿ ತಲೆ ತೂರಿಸಿದ. ಫೋನು ಎತ್ತಿದ್ದು ಮಾವ.

"ಓ, ಅಳಿಯಂದ್ರು," ಎಂದು ಅವರು ಎದ್ದು ಬೀದಿ ಬಾಗಿಲಿಗೆ ಹೋದದ್ದು ಚಪ್ಪಲಿಯ ಸದ್ದಿನಿಂದಲೇ ತಿಳಿಯಿತು. ಅಲ್ಲಿಂದ ದನಿ ಏರಿತು. "ಹೇಗಿದೆ ಫಾರಿನ್ನು? ಯಾಕೆ, ಬಾವಿಯೊಳಗಿಂದ ಮಾತಾಡಿದ ಹಾಗಿದೆಯಲ್ಲ?"

"ಇಲ್ಲಿ ರೂಮುಗಳು ದೊಡ್ಡವು ಮಾವ. ಅವಳಿಗೆ ಕೊಡಿ."

"ಕೊಡ್ತೀನಿ. ಮೊದ್ಲು ಪಕ್ಕದ ಮನೆಯವರ ಹತ್ರ ಒಂದು ಮಾತಾಡ್ಬಿಡಿ. ನಂಬಲ್ಲ ಅವ್ರು."

ಪಕ್ಕದ ಮನೆಯವರು ತಮ್ಮ ಮಗನಿಗೆ ಅಲ್ಲೊಂದು ಕೆಲಸ ನೋಡಲು ಹೇಳಿದರು. ಅತ್ತೆ ಅಲ್ಲಿನ ಚಳಿ ಕೇಳಿದರು. ಬಾಯ್ಲರಿನ ಶಾಖಕ್ಕೆ ಬೆವರು ಸುರಿಸುತ್ತಾ ಅವನು, "ಹಿಮ ಬೀಳ್ತಿದೆ ಅತ್ತೆ" ಎಂದ. ಕೊನೆಗೆ ಫೋನು ಹೆಂಡತಿಯ ಕೈಗೆ ಬಂತು.

"ಹೇಳಿ."

"ನೋಡು, ನಾನೊಂದು ವಿಷಯ ಹೇಳ್ಬೇಕು. ಹೊಟ್ಟೆಗೆ ಹಾಕ್ಕೋ. ನಾನು ನಿಜವಾಗಿ ಎಲ್ಲಿದೀನಿ ಅಂದ್ರೆ..."

ದೇವರು ಮೇಲಿದ್ದಾನೆ ಎನ್ನುವುದುಂಟು. ಆ ಹೊತ್ತಿಗೆ ಮೇಲಿದ್ದದ್ದು ಐದನೇ ಮಹಡಿಯ ಕೆಲಸದವಳು. ಒದ್ದೆ ಟವೆಲ್ಲಿನ ಗಂಟೊಂದು ದಬಾರನೆ ಅವನ ತಲೆಯ ಮೇಲೆ ಬಿತ್ತು. ಫೋನು ಹಾರಿ ತಲೆದಿಂಬಿನ ಚೀಲಗಳ ರಾಶಿಯಲ್ಲಿ ಮುಳುಗಿತು.

ಚಾದರದಕ್ಕ ರಾಶಿಗೆ ಕೈ ಹಾಕಿ ಹುಡುಕುವಾಗಲೇ ಸೂಪರ್‌ವೈಸರ್ ಮೆಟ್ಟಿಲಿಳಿದು ಬಂದ. ಕತ್ತಿಗೆ ಟೈ ಕಟ್ಟಿದ ಮೇಲೆ ಆ ಕತ್ತನ್ನು ಯಾರ ಕಡೆಗೂ ಬಗ್ಗಿಸದವನು.

"ಗೋಡೆಯೊಳಗೆ ಯಾರೋ ಮಾತಾಡ್ತಾರೆ ಅಂತ ಮೂರನೇ ಮಹಡಿಯಿಂದ ಕಂಪ್ಲೇಂಟ್ ಬಂದಿದೆ. ಹಿಮ ಬೀಳ್ತಿದೆಯಂತೆ. ಎಲ್ಲಪ್ಪಾ ಹಿಮ?"

ಅವನು ತಲೆ ತಗ್ಗಿಸಿದ. ತಲೆಯಿಂದ ಟವೆಲ್ಲಿನ ನೀರು ತೊಟ್ಟಿಕ್ಕಿತು.

"ಸಾಯಂಕಾಲದ ಪಾಳಿನೂ ನೀನೇ ಮಾಡು. ಹಿಮ ಕರಗಲಿ," ಎಂದು ಸೂಪರ್‌ವೈಸರ್ ಅವನನ್ನು ಲೆಕ್ಕದ ಕೋಣೆಗೆ ಕರೆದುಕೊಂಡು ಹೋದ.

ಅವನು ಬೈಗುಳ ತಿಂದು ಬರುವಷ್ಟರಲ್ಲಿ ಇಲ್ಲಿ ಇನ್ನೊಂದು ಅನಾಹುತ ಆಗಿತ್ತು. ಫೋನು ಸಿಕ್ಕಿತ್ತು. ಚಾದರದಕ್ಕ ಅದನ್ನು ಕೊಳವೆಯ ಬಾಯಿಗೆ ಹಿಡಿದು ನೋಡಿದ್ದಳು. ಆಗಲೇ ಅದು ಬಡಿದುಕೊಂಡಿತ್ತು. ಕೂಗುವ ಫೋನನ್ನೂ ಅಳುವ ಮಗುವನ್ನೂ ಸುಮ್ಮನೆ ಬಿಡುವುದು ಅವಳ ಜಾಯಮಾನವಲ್ಲ.

"ಏನಂದೆ ಅಕ್ಕ?" ಎಂದ ಅವನು, ಫೋನು ಕಸಿದುಕೊಂಡು.

"ಸರಿಯಾಗೇ ಅಂದೆ. 'ಹಲೋ, ಪರದೇಶ. ಸಾಹೇಬ್ರು ಮೀಟಿಂಗಲ್ಲಿದಾರೆ' ಅಂದೆ."

"ಪರದೇಶದೋಳು ನಮ್ಮ ಮಾತು ಆಡ್ತಾಳೇನಮ್ಮ?" ಎಂದ ಇಸ್ತ್ರಿಯಜ್ಜ.

"ಸಾಹೇಬ್ರ ಹತ್ರ ಕಲ್ತಿದಾಳೆ ಅಂದ್ಕೋತಾರೆ."

"ಹೆಂಡ್ತಿ ಆದೋಳು ಅಷ್ಟೇ ಅಂದ್ಕೊಂಡು ಸುಮ್ನಾಗ್ತಾಳಾ?"

ಅವನಿಗೆ ಕಾಲ ಕೆಳಗಿನ ನೆಲ ಕುಸಿಯಿತು. ನೆಲಮಾಳಿಗೆಯ ಕೆಳಗೂ ಕುಸಿಯಲು ಜಾಗವಿದೆ ಎಂದು ಗೊತ್ತಾದದ್ದು ಆಗಲೇ. ಒಂದು ಸುಳ್ಳಿಗೆ ಈಗ ಹೆಣ್ಣು ದನಿಯೂ ಸೇರಿಕೊಂಡಿತ್ತು. ಮತ್ತೆ ಮತ್ತೆ ಫೋನು ಮಾಡಿದ. ಸಿಮ್ಮು ಒಂದು ಟವರಿನಿಂದ ಇನ್ನೊಂದಕ್ಕೆ ಬೇಲಿ ಹಾರುವ ಮೇಕೆಯ ಹಾಗೆ ಹಾರಾಡಿತೇ ಹೊರತು ಎಲ್ಲೂ ನಿಲ್ಲಲಿಲ್ಲ.

ಸಂಜೆ ಕೊನೆಗೂ ರಿಂಗಾಯಿತು. ಹೆಂಡತಿಯೇ ಎತ್ತಿದಳು. ಅವನು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಊರಿನ ಗಿರಣಿಯ ಸೈರನ್ನು ಕೂಗಿತು. ದಿನವೂ ಅದು ಕೂಗಿದಾಗ ಚಾದರದಕ್ಕ ಓಡಿ ಬಂದು ಫೋನಿಗೆ ಟವೆಲ್ಲು ಸುತ್ತುತ್ತಿದ್ದಳು, ಅವನು "ಬಂದರಿಗೆ ಹಡಗು ಬಂತು ಕಣೇ" ಎನ್ನುತ್ತಿದ್ದ. ಇಂದು ಅವನು ಟವೆಲ್ಲನ್ನು ತಳ್ಳಿದ. ಸೈರನ್ನು ಪೂರ್ತಿ ಕೂಗಿ ಮುಗಿಯುವವರೆಗೆ ಸುಮ್ಮನಿದ್ದ.

"ಅದು ಹಡಗಲ್ಲ ಕಣೇ," ಎಂದ. "ನಮ್ಮೂರಿನ ಗಿರಣಿ. ನಾನು ಇಲ್ಲೇ ಇದೀನಿ. ಹೋಟೆಲ್ಲಲ್ಲಿ ಬಟ್ಟೆ ಒಗೀತಿದೀನಿ. ಬೆಳಿಗ್ಗೆ ಮಾತಾಡಿದ್ದು ಇಲ್ಲಿನ ಅಕ್ಕ. ಎಲ್ಲಾ ಸುಳ್ಳು. ಪಾಳಿ ಮುಗಿಸಿ ಮನೆಗೆ ಬರ್ತೀನಿ."

ಆ ಕಡೆ ಅಳು ಬರಲಿಲ್ಲ. ಬೈಗುಳವೂ ಬರಲಿಲ್ಲ. ಬಾಗಿಲು ಮುಚ್ಚಿದ ಸದ್ದು ಮಾತ್ರ ಬಂತು.

"ಗೊತ್ತು," ಎಂದಳು ಹೆಂಡತಿ.

"ಏನು?"

"ನಿಮ್ಮ ಹಡಗೂ ನಮ್ಮ ಗಿರಣಿಯೂ ದಿನಾ ಒಂದೇ ಸಲ ಕೂಗಿದ್ರೆ ಗೊತ್ತಾಗಲ್ವೇನ್ರೀ? ಒಂದು ಕಿವೀಲಿ ಅದು, ಇನ್ನೊಂದು ಕಿವೀಲೂ ಅದೇ." ದನಿ ಒಂದಿಷ್ಟೂ ಏರಲಿಲ್ಲ. "ಮೊದಮೊದ್ಲು ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ಚಿಲಕ ಹಾಕ್ದೆ ಮಲಗ್ತಿದ್ದೆ. ನೀವು ಬರ್ಲಿಲ್ಲ. ಫೋನ್ ಮಾಡಿ ಹಡಗು ಬಂತು ಅಂದ್ರಿ. ಸರಿ, ಚಿಲಕ ಹಾಕ್ಕೊಂಡೆ."

ಅವನು ತಲೆಯನ್ನು ಕೊಳವೆಯೊಳಗೆ ಇನ್ನಷ್ಟು ತೂರಿಸಿದ.

"ಈಗ ಬರ್ಬೇಡಿ," ಎಂದಳು. "ತಂಗಿಗೆ ಗಂಡು ಗೊತ್ತಾಗಿದ್ದೇ ಭಾವ ಫಾರಿನ್ನಲ್ಲಿದಾರೆ ಅಂತ. ಅಪ್ಪ ಬೆಳಿಗ್ಗೆ ಎದ್ದು ಬೀದಿಗೆ ಇಳಿಯೋದೇ ಆ ಮಾತಾಡೋಕೆ. ನನ್ನನ್ನೂ ಜನ ನಿಂತು ಮಾತಾಡಿಸ್ತಾರೆ. ಇಲ್ಲಿಗೆ ಬಂದ್ರೆ ನೀವು ಬಟ್ಟೆ ಒಗೆಯೋರು. ಅಲ್ಲೇ ಇದ್ರೆ ಫಾರಿನ್ ಅಳಿಯ."

"ಸಿಮ್ಮು ಇವತ್ತಿಗೆ ಮುಗೀತದೆ ಕಣೇ," ಎಂದ ಅವನು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗೆ ಆ ಮಾತು ಸಿಕ್ಕಿತ್ತು. "ಅಲ್ಲಿದ್ದ ನನ್ನ ಜೊತೆಗಾರ ಈ ಸಲ ರೀಚಾರ್ಜ್ ಮಾಡಿಸಿಲ್ಲ. ನಾಳೆಯಿಂದ ಈ ನಂಬರೇ ಇರಲ್ಲ."

"ಯಾವ ಜೊತೆಗಾರ?" ಎಂದಳು ಅವಳು. "ಇಲ್ಲೇ ಮೂಲೆ ಮೊಬೈಲ್ ಅಂಗಡೀಲಿ ಪರದೇಶದ ನಂಬರಿಗೂ ಹಾಕ್ತಾರೆ. ಇಷ್ಟು ದಿನ ಹಾಕಿಸಿದ್ದು ನಾನೇ. ನಿನ್ನೆ ಅಂಗಡಿ ಮುಚ್ಚಿತ್ತು. ಇವತ್ತು ಮಧ್ಯಾಹ್ನ ದುಡ್ಡು ಕೊಟ್ಟು ಬಂದಿದೀನಿ."

ಹಿಂದಿನಿಂದ ಮಗಳ ದನಿ ಕೇಳಿತು. "ಅಮ್ಮಾ, ಅಪ್ಪನ್ನ ಕೊಡು. ಊಟ ಹಾಕ್ಬೇಕು."

"ತಗೋ, ಹಾಕು," ಎಂದಳು ಹೆಂಡತಿ. ಫೋನು ಚಾರ್ಜರಿಗೆ ಸಿಕ್ಕಿಕೊಂಡ ಟಕ್ ಸದ್ದಾಯಿತು. ಲೈನು ಕಡಿಯಿತು.

ಅವನು ಕೊಳವೆಯಿಂದ ತಲೆ ತೆಗೆಯಲಿಲ್ಲ. ಅಲ್ಲೇ ನಿಂತಿರುವಾಗ ಫೋನು ಕುಂಯ್ ಎಂದಿತು. ಓದಿದ.

"ಏನಂತೆ ತಮ್ಮ? ಏನಂದ್ಲು?" ಚಾದರದಕ್ಕ ಅವನ ಅಂಗಿ ಹಿಡಿದು ಜಗ್ಗಿದಳು.

"ಅವಧಿ ಮುಂದುವರಿಸಿದಾರೆ," ಎಂದ ಅವನು ಕೊಳವೆಯೊಳಗಿಂದ. ದನಿ ಮಹಡಿ ಮಹಡಿಗೂ ಕೇಳಿರಬೇಕು. "ಇನ್ನೊಂದು ವರ್ಷ."

ಇಸ್ತ್ರಿಯಜ್ಜ ಪೆಟ್ಟಿಗೆಯನ್ನು ಎತ್ತಿ, ಶಾಖ ನೋಡಿ, ಮತ್ತೆ ಅಂಗಿಯ ಮೇಲಿಟ್ಟ.

"ಜೈಲಲ್ಲಾದ್ರೆ," ಎಂದ, "ನಡತೆ ನೋಡಿ ಬೇಗ ಬಿಡ್ತಾರೆ."

ಮೇಲಿನಿಂದ ಚಾದರದ ಗಂಟೊಂದು ಉರುಳಿ ಬರುವ ಸದ್ದಾಯಿತು. ಈ ಸಲ ಸದ್ದು ಕೇಳಿಯೂ ಅವನು ತಲೆ ತೆಗೆಯಲಿಲ್ಲ.