ಓಂಪ್ರಕಾಶ ಮನೆ ನೋಡಲು ಹೋದದ್ದು

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ್ತಿಲು ದಾಟಿದ್ದೇ ಓಂಪ್ರಕಾಶನ ತಪ್ಪು. ಬಸವಕಲ್ಯಾಣದ ಕೋಟೆ ಹಿಂದಿನ ಆ ಹಳೇ ಗಲ್ಲಿಯಲ್ಲಿ ಒಬ್ಬರ ಸಾರಿಗೆ ಉಪ್ಪು ಕಡಿಮೆಯಾದದ್ದು ಪಕ್ಕದವರಿಗೆ ಮೊದಲು ತಿಳಿಯುತ್ತದೆ. ಇದರಿಂದ ರೋಸಿಹೋಗಿದ್ದ ಈ ಬ್ರಹ್ಮಚಾರಿ, ಹುಮನಾಬಾದಿನ ಹೊಸ ಬಡಾವಣೆಯಲ್ಲಿ ಗುಟ್ಟಾಗಿ ಬಾಡಿಗೆ ಮನೆ ನೋಡಲು ಹೊರಟಿದ್ದ. ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲವಂತೆ. ಸ್ವರ್ಗವೆಂದರೆ ಅದೇ ಎಂದುಕೊಂಡಿದ್ದ.

"ಎಲ್ಲಿಗಿ ಹೊಂಟಿ, ಪ್ರಕಾಶಾ?" ಎದುರುಮನೆಯ ಕಟ್ಟೆಯಿಂದ ಶಕುಂತಲಾಬಾಯಿ ಕೇಳಿದಳು.

ಮನೆ ಬಿಡುವ ಮಾತೆತ್ತಿದರೆ ಮುದುಕಿ ಅತ್ತು ಕರೆದು ಗಲ್ಲಿಯನ್ನೇ ಕೂಡಿಸುತ್ತಾಳೆ. "ಹುಮನಾಬಾದಕ್ರಿ, ಮಾವಶಿ. ಹೆಣ್ಣ ನೋಡ್ಲಾಕ," ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಆ ಗಲ್ಲಿಯ ಗಂಡು ಒಬ್ಬನೇ ಹೆಣ್ಣು ನೋಡಲು ಹೋದದ್ದೇ ಇಲ್ಲ. ಶಕುಂತಲಾಬಾಯಿ ಹೊಸ ಸೀರೆ ಉಟ್ಟಳು, ಕಿರಾಣಿ ಅಂಗಡಿಯ ಕಾಶಿರಾಮ ಶಟರ್ ಎಳೆದ, ಪಕ್ಕದ ಮನೆಯ ಕುಲ್ಸುಮ್ ಬೀ ಡಬ್ಬಿ ತುಂಬ ಖೀರು ತಂದಳು. ಎಲ್ಲರೂ ಬಾಡಿಗೆಗೆ ಕರೆಸಿದ ಜೀಪು ಹತ್ತಿದ ಮೇಲೆ ಉಳಿದ ಜಾಗದಲ್ಲಿ ವರನನ್ನು ತುರುಕಿದರು. ಹುಟ್ಟಲಿರುವ ಕೂಸಿನ ಹೆಸರಿನ ಬಗ್ಗೆ ದಾರಿಯುದ್ದಕ್ಕೂ ಜಗಳ ನಡೆಯಿತು.

"ಹೆಣ್ಣಿನ ತಂದಿ ಹೆಸರೇನಪಾ?" ಎಂದ ಕಾಶಿರಾಮ.

ಓಂಪ್ರಕಾಶನಿಗೆ ಗೊತ್ತಿದ್ದದ್ದು ಬಾಡಿಗೆ ಮನೆಯ ಮಾಲಕರ ಹೆಸರೊಂದೇ. "ಮಹಾರುದ್ರಪ್ಪ," ಎಂದು ಬೆವರೊರೆಸಿಕೊಂಡ.

ಬಾಗಿಲು ತೆರೆದ ಮಹಾರುದ್ರಪ್ಪನವರು ಗಾಬರಿಯಾದರು. "ಮನಿ ನೋಡ್ಲಾಕ ಒಬ್ರೇ ಬರ್ತೀನಿ ಅಂದಿದ್ರಲ್ರಿ?"

ಅಷ್ಟರಲ್ಲಿ ಶಕುಂತಲಾಬಾಯಿ ಒಳಗೆ ಹೋಗಿ ಕುರ್ಚಿ ಹಿಡಿದಾಗಿತ್ತು. "ಮನಿ ನೋಡದೇ ಹೆಣ್ಣ ಹ್ಯಾಂಗ ಕೇಳಬೇಕ್ರಿ? ಹುಡಿಗಿನ್ನ ಕರೀರಿ."

ಮಗಳಿಗೆ ಗಂಡು ಹುಡುಕಿ ದಣಿದಿದ್ದ ಮಹಾರುದ್ರಪ್ಪನವರು ತಡಮಾಡದೆ ಕರೆದರು. ವಿದ್ಯಾವತಿ ಬಂದಳು. ತಲೆಯೆತ್ತಿದ ಓಂಪ್ರಕಾಶ ಅದನ್ನು ಮತ್ತೆ ಇಳಿಸಲಿಲ್ಲ. ಇಂಥ ಹುಡುಗಿ, ಇಂಥ ಸದ್ದಿಲ್ಲದ ಬಡಾವಣೆ, ಮೇಲೆ ಮಾವನದೇ ಖಾಲಿ ಮನೆ! ಕುಲ್ಸುಮ್ ಬೀ ಕೈಗಿತ್ತ ಖೀರನ್ನು ಅವಳನ್ನೇ ನೋಡುತ್ತ ಅಂಗಿಯ ಮೇಲೆ ಚೆಲ್ಲಿಕೊಂಡ. ಅದನ್ನು ಒರೆಸುವುದು ಹೇಗೆಂದು ಗಲ್ಲಿಯವರೆಲ್ಲ ಒಟ್ಟಿಗೆ ಕಚ್ಚಾಡಿದರು. ವಿದ್ಯಾವತಿ ಬಿದ್ದು ಬಿದ್ದು ನಕ್ಕಳು.

"ನನಗ ಒಪ್ಪಿಗಿ ಅದರಿ," ಎಂದಳು. "ಆದ್ರ ಒಂದು ಮಾತು. ಇಲ್ಲಿ ಸತ್ತರೂ ಯಾರೂ ಕೇಳೋರಿಲ್ಲ. ಲಗ್ನ ಆದ ಮ್ಯಾಲ ನಾ ನಿಮ್ಮ ಗಲ್ಲ್ಯಾಗೇ ಇರಾಕಿ."

ಇಡೀ ಗಲ್ಲಿ ಓಂಪ್ರಕಾಶನ ಮುಖ ನೋಡಿತು. ಅವನು ವಿದ್ಯಾವತಿಯ ಮುಖ ನೋಡಿ "ಹೂಂ" ಎಂದ.

"ಹಂಗಾದ್ರ ನಾ ಒಬ್ನೇ ಇಲ್ಲಿದ್ದು ಏನ್ ಮಾಡ್ಲಿ?" ಎಂದರು ಮಹಾರುದ್ರಪ್ಪನವರು. "ನಿಮ್ಮಲ್ಲಿ ಖಾಲಿ ಮನಿ ಅದ ಏನ್ರಿ?"

"ಇವನ ಗ್ವಾಡಿಗಿ ಹತ್ತಿದ್ದೇ ಒಂದದ," ಎಂದಳು ಶಕುಂತಲಾಬಾಯಿ. "ನಡುವ ಒಂದು ಬಾಗಿಲಾ ಇಡಸೋಣಂತ."